ಹಳೇ ಅಂಬಾಸಡರ್ ಸ್ಟೇರಿಂಗ್ ಕಚ್ಚಿಕೊಂಡಿದೆಯಾ?

ನಟ್ಟು ಬಿಚ್ಚಿದ್ದೀರಿ. ಆದರೂ ಸ್ಟೇರಿಂಗ್ ಜಪ್ಪಯ್ಯ ಅಂದರೂ ಮೇಲೆ ಬರುತ್ತಿಲ್ಲ. ಕೈಯಲ್ಲಿ ಸುತ್ತಿಗೆ ಇದ್ದರೆ ದಯವಿಟ್ಟು ಕೆಳಗಿಡಿ.

ಇದು ಅಂಬಾಸಡರ್. 2014ರಲ್ಲೇ ತಯಾರಿಕೆ ನಿಂತಿತು, ಅಂದರೆ ಕಟ್ಟಕಡೆಯ ಗಾಡಿಗೂ ಹತ್ತು ವರ್ಷ ದಾಟಿದೆ. ಷಾಫ್ಟ್ ಮೇಲೆ ಸಣ್ಣ ಹಲ್ಲುಗಳಿವೆ, ಸ್ಟೇರಿಂಗಿನ ನಡುಭಾಗದ ಒಳಗೂ ಇವೆ. ಒಂದರೊಳಗೊಂದು ಬಿಗಿಯಾಗಿ ಕೂತಿರುತ್ತವೆ. ವರ್ಷಗಟ್ಟಲೆ ತೇವ ಇಳಿದು ತುಕ್ಕು ಹಿಡಿದರೆ ಎರಡೂ ಸೇರಿ ಒಂದೇ ಕಬ್ಬಿಣ ಆದ ಹಾಗೆ.

ಷಾಫ್ಟ್ ತುದಿಗೆ ಬಡಿದರೆ ಥ್ರೆಡ್ ಹಾಳು. ಆ ಪೆಟ್ಟು ಕೆಳಗಿನ ಸ್ಟೇರಿಂಗ್ ಬಾಕ್ಸಿನ ಬೇರಿಂಗಿಗೂ ಮುಟ್ಟುತ್ತೆ. ಅಂಚು ಹಿಡಿದು ಜಗ್ಗಿದರೆ ಹಳೇ ಪ್ಲಾಸ್ಟಿಕ್ ಬಿರುಕು ಬಿಡುತ್ತೆ.

ಮೊದಲು ಬ್ಯಾಟರಿ ವೈರ್ ಕಳಚಿ, ಹಾರ್ನ್ ಬಟನ್ ತೆಗೆಯಿರಿ. ಮುಂದಿನ ಚಕ್ರಗಳು ನೇರ ಇರಲಿ. ಷಾಫ್ಟಿಗೂ ಸ್ಟೇರಿಂಗಿಗೂ ಸೇರಿಸಿ ಒಂದು ಗೀರು ಹಾಕಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲಿ. ಆತುರ ಬೇಡ.

ಇದು ಬಹಳ ಮುಖ್ಯ: ಬಿಚ್ಚಿದ ನಟ್ಟನ್ನು ನಾಲ್ಕು ಸುತ್ತು ವಾಪಸ್ ಹಾಕಿ. ಇಲ್ಲದಿದ್ದರೆ ಸ್ಟೇರಿಂಗ್ ಒಮ್ಮೆಲೇ ಬಿಟ್ಟು ಮುಖಕ್ಕೇ ಬಡಿಯಬಹುದು.

ಈಗ ಪುಲ್ಲರ್, ಅಂದರೆ ಸ್ಟೇರಿಂಗನ್ನು ಮೇಲಕ್ಕೆ ಎಳೆಯುವ ಉಪಕರಣ. ಅದರ ಕೊಕ್ಕೆ ನಡುವಿನ ಲೋಹವನ್ನು ಹಿಡಿಯಬೇಕು, ಅಂಚಿಗೆ ಹೋಗುವ ಕಡ್ಡಿಗಳನ್ನಲ್ಲ. ಪುಲ್ಲರಿನ ಬೋಲ್ಟ್ ಬಿಗಿ ಮಾಡಿ, ನಿಲ್ಲಿಸಿ, ಕಾಯಿರಿ. ಮತ್ತೆ ಕಾಲು ಸುತ್ತು. ಬೆಂಕಿ ಹತ್ತಿರ ತರಲೇಬೇಡಿ, ಪ್ಲಾಸ್ಟಿಕ್ ಕರಗುತ್ತೆ. ಟಕ್ ಅಂತ ಶಬ್ದ ಬಂತಾ? ಬಿಟ್ಟಿತು.

ಸ್ಟೇರಿಂಗ್ ಒಡೆದುಹೋದರೆ ಇಂಥದ್ದೇ ಇನ್ನೊಂದನ್ನು ಹುಡುಕೋದು ಕಷ್ಟ. ಪುಲ್ಲರ್ ಇಲ್ಲದಿದ್ದರೆ ಹತ್ತಿರದ ಗ್ಯಾರೇಜಿನಲ್ಲಿ ಕೇಳಿ ತನ್ನಿ, ಆಮೇಲೆ ಕೈ ಹಾಕಿ.