ಅವಮಾನವನ್ನು ಅಪರಾಧವೆಂದು ಹೇಳಿದವರು

2019ರ ಸೆಪ್ಟೆಂಬರ್ 16ರಂದು ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಹೋದರು. ಪರಿಶಿಷ್ಟ ಜಾತಿಯವರೆಂಬ ಕಾರಣಕ್ಕೆ ಅವರನ್ನು ಹಟ್ಟಿಯೊಳಗೆ ಬಿಟ್ಟುಕೊಳ್ಳಲಿಲ್ಲ. ಹೊರಗೇ ಕುರ್ಚಿ ಹಾಕಿದರು. ಆ ಸುದ್ದಿ ದೇಶವೆಲ್ಲ ಹರಡಿತು.

ಶಿರಾದ ಹುಲಿಕುಂಟೆ ಹೋಬಳಿಯಿಂದ ಮಧುಗಿರಿ, ಕೊರಟಗೆರೆವರೆಗಿನ ದಲಿತ ಕೇರಿಗಳ ಹಿರಿಯರಿಗೆ ಇದರಲ್ಲಿ ಹೊಸತೇನಿತ್ತು? ಊರಾಚೆ ಮನೆ, ಹೋಟೆಲಿನಲ್ಲಿ ಬೇರೆ ಲೋಟ, ಬೊಗಸೆಗೆ ಮೇಲಿನಿಂದ ಸುರಿಯುವ ನೀರು, ಜಾತ್ರೆಗೆ ತಮಟೆ ಬಡಿದರೂ ಗುಡಿಯ ಹೊಸ್ತಿಲು ದಾಟುವಂತಿಲ್ಲ. ಅಸ್ಪೃಶ್ಯತೆಯ ವಿರುದ್ಧದ 1955ರ ಕಾಯ್ದೆ ಇದನ್ನೆಲ್ಲ ಅಪರಾಧವೆಂದಿತ್ತು. ಕೇರಿಯಲ್ಲಿ ಮಾತ್ರ ಇದು ಹಣೆಬರಹವಾಗಿಯೇ ಉಳಿಯಿತು. ಅವಮಾನವನ್ನು ಅಪರಾಧವೆಂದು ಕೂಗಿ ಹೇಳುವ ಧೈರ್ಯ ಬೆಳೆದದ್ದು ವಿದ್ಯಾರ್ಥಿನಿಲಯಗಳಲ್ಲಿ.

ಮಾಗಡಿಯ ಮಂಚನಬೆಲೆಯಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದು ಓದಿದರು. ಇಂಥ ಹಾಸ್ಟೆಲುಗಳಲ್ಲಿ ಹತ್ತಾರು ತಾಲ್ಲೂಕಿನ ಹುಡುಗರು ಒಂದೇ ಪಂಕ್ತಿಯಲ್ಲಿ ಉಂಡರು. ತನ್ನೂರಿನದಷ್ಟೇ ಎಂದುಕೊಂಡಿದ್ದ ನೋವು ಎಲ್ಲರ ಊರಿನದೂ ಎಂದು ಅಲ್ಲಿ ತಿಳಿಯಿತು.

1973ರ ನವೆಂಬರಿನಲ್ಲಿ ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚು ಎಂದರು. ರಾಜ್ಯ ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ಪೆಟ್ಟು ತಿಂದ ಹುಡುಗರು ಕೇರಿಗೆ ಮರಳಿ ಸುಮ್ಮನೆ ಕೂರಲಿಲ್ಲ, ಸಂಘಟನೆ ಕಟ್ಟಿದರು. ಭದ್ರಾವತಿಯ ಕನ್ನಡ ಮೇಷ್ಟ್ರು ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ (ದಸಂಸ) ಬೆಳೆಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ಅವರ ಹಾಡುಗಳು ಮೆರವಣಿಗೆಗಳ ದನಿಯಾದವು. ತುಮಕೂರಿನಲ್ಲಿ ಚಳವಳಿಯ ಜೊತೆ ನಡೆದ ಕೆ.ಬಿ. ಸಿದ್ದಯ್ಯ, ತೊಗಲು ಹದ ಮಾಡುವ ‘ಗಲ್ಲೆಬಾನಿ’ಯನ್ನೇ ಕಾವ್ಯದ ಹೆಸರಾಗಿಸಿದರು. ಭೂಮಿಯ ಜೊತೆಗೆ ವಸತಿ ಶಾಲೆಯನ್ನೂ ದಸಂಸ ಕೇಳಿತು. ಓದಲು ಸಿಕ್ಕ ಜಾಗದ ಬೆಲೆ ಅದರ ಕಾರ್ಯಕರ್ತರಿಗೆ ಗೊತ್ತಿತ್ತು.

ಈ ದಲಿತ ಚಳವಳಿಗಳಿಗೆ ಅಮೆರಿಕದ ಕರಿಯರ ಹೋರಾಟವೂ ದೂರದ ಸಂಗತಿಯಾಗಿರಲಿಲ್ಲ. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳಿಂದಲೇ ಹೆಸರು ಪಡೆದಿತ್ತು.

ಸಂಸದರೊಬ್ಬರನ್ನು ಹೊರಗೆ ಕೂರಿಸಿದ್ದು ಇಂದು ದೇಶಕ್ಕೆ ನಾಚಿಕೆಯ ಸುದ್ದಿಯಾಗುತ್ತದೆಂದರೆ, ಅದು ಈ ಐದು ದಶಕಗಳ ದುಡಿಮೆಯ ಫಲ. ಕೇರಿಯ ಮಕ್ಕಳು ತಮ್ಮ ಪಾಠ ಕಲಿತಾಗಿದೆ. ಇನ್ನು ಕಲಿಯಬೇಕಾದದ್ದು ಊರು ಮತ್ತು ಹಟ್ಟಿ. ಊರು, ಹಟ್ಟಿ, ಕೇರಿಯ ಮಕ್ಕಳೆಲ್ಲ ಒಂದೇ ಹಾಸ್ಟೆಲಿನಲ್ಲಿ ಉಂಡು, ಓದಿ ಬೆಳೆಯುವ ವ್ಯವಸ್ಥೆ ಪ್ರತಿ ತಾಲ್ಲೂಕಿನಲ್ಲೂ ಆಗಬೇಕು. ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ ಆಗಷ್ಟೇ ನಮ್ಮೂರುಗಳಿಗೆ ಬಂದಂತೆ.