ಮೂರನೆಯ ರೈಡರ್ ಯಾರು?

ಸೆಪ್ಟೆಂಬರ್ ಬಂತೆಂದರೆ ಬಸವಕಲ್ಯಾಣದ ಸಸ್ತಾಪುರ ಬಂಗ್ಲಾದ ಚಹಾ ಅಂಗಡಿಗಳಲ್ಲಿ ಒಂದೇ ಮಾತು: “ಈ ಸಲ ನಮ್ಮ ಕಾಲೇಜ್ ಟೀಮ್ ಭಾರಿ ಅದ ನೋಡ್ರಿ. ಒಬ್ಬ ಹುಡುಗ ಬಂದಾನ, ಒಂದ್ ರೈಡಿಗಿ ಮೂರು ಮಂದೀನ ಹೊಡಕೊಂಡು ಬರ್ತಾನ.” ಅಲ್ಲಿಂದ ಬಸ್ಸು ಹತ್ತಿ ಹುಮನಾಬಾದಿನಲ್ಲಿ ಇಳಿದರೂ ಇದೇ ಮಾತು, ಹುಡುಗನ ಹೆಸರು ಮಾತ್ರ ಬೇರೆ. ಬಸವಕಲ್ಯಾಣದ ಹುಡುಗ ಮಂಠಾಳದ ಕಡೆಯವನು, ಹುಮನಾಬಾದಿನ ಹುಡುಗ ದುಬಲಗುಂಡಿಯವನು. ಇಬ್ಬರೂ ಪಿಯುಸಿಯಲ್ಲಿ ಹೆಸರು ಮಾಡಿದವರು, ಇಬ್ಬರ ರೈಡಿನ ವಿಡಿಯೋಗಳೂ ಮೊಬೈಲಿನಿಂದ ಮೊಬೈಲಿಗೆ ಓಡಾಡಿದಂಥವು. ಅಂತರಕಾಲೇಜು ಕಬಡ್ಡಿ ಶುರುವಾಗುವ ಹೊತ್ತಿಗೆ ಎರಡೂ ಊರಿನವರು ಕಪ್ಪು ಗೆದ್ದೇ ಬಿಟ್ಟಿರುತ್ತಾರೆ.

ಈ ನಿರೀಕ್ಷೆಯನ್ನು ಚಹಾ ಅಂಗಡಿಯಲ್ಲಿ ಬಿಟ್ಟು, ಮೈದಾನದ ಅಂಚಿನಲ್ಲಿ ನಿಂತು ಅಳೆಯುವುದು ಹೇಗೆ? ಕಷ್ಟವೇನಿಲ್ಲ. ಒಂದು ನೋಟ್‌ಬುಕ್, ಒಂದು ಪೆನ್ನು, ಎರಡು ಸಂಜೆ ಸಾಕು. ಆದರೆ ಕಣ್ಣು ಆ ಒಬ್ಬ ಹುಡುಗನ ಮೇಲೆ ನೆಟ್ಟಿರಬಾರದು.

ಮೊದಲು ಸರಳ ಗಣಿತ. ಪುರುಷರ ಪಂದ್ಯ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ ಬಿಡುವು. ಒಂದು ರೈಡಿಗೆ 30 ಸೆಕೆಂಡ್. ಎಲ್ಲರೂ ಪೂರ್ತಿ ಸಮಯ ತಿಂದರು ಅಂದುಕೊಂಡರೆ 40 ನಿಮಿಷಕ್ಕೆ 80 ರೈಡ್, ನಮ್ಮ ಪಾಲಿಗೆ 40. ಅಂದರೆ ಹೆಚ್ಚುಕಡಿಮೆ ನಿಮಿಷಕ್ಕೆ ನಮ್ಮದೊಂದು ರೈಡ್, ಅವರದೊಂದು. ಈ 40 ರೈಡಿನಲ್ಲಿ ನಿಮ್ಮ ಊರಿನ ಹೀರೋ ಎಷ್ಟು ಹೋಗಬಲ್ಲ? ಉಸಿರು, ಕಾಲು, ಮಂಡಿ ಎಲ್ಲ ಗಟ್ಟಿಯಿದ್ದರೂ ಹದಿನೆಂಟೋ ಇಪ್ಪತ್ತೋ. ಉಳಿದ ಅರ್ಧವನ್ನು ಬೇರೆಯವರೇ ಹೋಗಬೇಕು. ಚಹಾ ಅಂಗಡಿಯ ಲೆಕ್ಕದಲ್ಲಿ ಆ ಅರ್ಧ ಇರುವುದೇ ಇಲ್ಲ.

ಇದೂ ಹೀರೋ ಅಂಗಳದಲ್ಲಿ ಇದ್ದರೆ ಮಾತ್ರ. ಔಟಾದರೆ?

ಕಬಡ್ಡಿಯ ನಿಜವಾದ ಮರ್ಮ ಇಲ್ಲಿದೆ. ಕ್ರಿಕೆಟ್ಟಿನಲ್ಲಿ ಔಟಾದವನು ಆ ಇನಿಂಗ್ಸ್‌ಗೆ ಮುಗಿದ. ಕಬಡ್ಡಿಯಲ್ಲಿ ಔಟಾದವನು ಗೆರೆಯಾಚೆ ಕೂತು ಕಾಯುತ್ತಾನೆ. ನಮ್ಮವರು ಎದುರಿನ ಒಬ್ಬನನ್ನು ಔಟ್ ಮಾಡಿದರೆ ನಮ್ಮಲ್ಲಿ ಒಬ್ಬ ಒಳಗೆ ಬರುತ್ತಾನೆ. ಅದೂ ಔಟಾದ ಸರದಿಯಲ್ಲೇ. ಹೀರೋ ಮೂರನೆಯವನಾಗಿ ಔಟಾಗಿದ್ದರೆ ಅವನಿಗಿಂತ ಮುಂಚೆ ಕೂತ ಇಬ್ಬರು ಎದ್ದ ಮೇಲೆ ಅವನ ಪಾಳಿ. ನಾಲ್ಕನೆಯ ನಿಮಿಷದಲ್ಲಿ ಅವನು ಸಿಕ್ಕಿಬಿದ್ದು, ಒಂಬತ್ತನೆಯ ನಿಮಿಷದವರೆಗೆ ಎದುರಾಳಿಗಳಲ್ಲಿ ಯಾರೂ ಔಟಾಗಲಿಲ್ಲ ಅನ್ನಿ. ನಮ್ಮ ಐದು ರೈಡ್ ಅವನಿಲ್ಲದೆ ಹೋದವು. ಹೀಗೆ ಪಂದ್ಯದಲ್ಲಿ ಮೂರು ಸಲ ಆದರೆ ಹದಿನೈದು ರೈಡ್.

ಅವನನ್ನು ಎಬ್ಬಿಸಿ ತರುವವರು ಇಬ್ಬರು. ಒಬ್ಬ ಎರಡನೆಯ ಅಥವಾ ಮೂರನೆಯ ರೈಡರ್, ಇನ್ನೊಬ್ಬ ಕ್ಯಾಚರ್. ದಾಳಿಯ ಬಲ ಅಳೆಯಬೇಕೆಂದರೆ ಹಿಡಿಯುವವರನ್ನು ನೋಡಬೇಕು ಎನ್ನುವುದು ತಲೆಕೆಳಗಾದ ಮಾತಿನಂತೆ ಕಾಣಬಹುದು, ಆದರೆ ಎಡ ಕಾರ್ನರಿನ ಹುಡುಗ ಒಂದು ಒಳ್ಳೆಯ ಆಂಕಲ್ ಹೋಲ್ಡ್ ಹಾಕಿದರೆ ಬರುವುದು ಬರೀ ಒಂದು ಪಾಯಿಂಟಲ್ಲ, ಹೊರಗೆ ಕೂತ ಹೀರೋ ಕೂಡ. ನಾನು ಕಾಲೇಜಿನಲ್ಲಿ ಎಡ ಕಾರ್ನರ್ ಆಡಿದವನು. ಮೂರನೆಯ ವರ್ಷ ನಮ್ಮಲ್ಲೂ ಒಬ್ಬ ಭಾರಿ ರೈಡರ್ ಇದ್ದ. ಮೊದಲ ಪಂದ್ಯದಲ್ಲೇ ಬೇಗ ಸಿಕ್ಕಿಬಿದ್ದ. ಅವನನ್ನು ಎಬ್ಬಿಸಬೇಕೆಂಬ ಅವಸರದಲ್ಲಿ ನಾನು ಎದುರಿನ ರೈಡರ್ ಕಾಲು ಮುಂದಿಡುವ ಮುಂಚೆಯೇ ಹಾರಿದೆ, ಅವನು ನನ್ನ ಬೆನ್ನ ಮೇಲಿಂದ ದಾಟಿ ಹೋದ. ಒಂದಲ್ಲ, ಎರಡು ಸಲ. ಅವತ್ತು ಸಂಜೆಯ ಬಸ್ಸಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಊರಿನಲ್ಲಿ ಮಾತ್ರ “ರೈಡಿಂಗ್ ಕೈಕೊಟ್ಟಿತು” ಅಂದರು. ಕೈಕೊಟ್ಟದ್ದು ಕಾರ್ನರ್.

ಇದಕ್ಕೆ ಎಲ್ಲರೂ ಟಿವಿಯಲ್ಲಿ ನೋಡಿದ ಉದಾಹರಣೆ ಇದೆ. 2022ರ ಪ್ರೊ ಕಬಡ್ಡಿಗೆ ತಮಿಳ್ ತಲೈವಾಸ್ ತಂಡ ಪವನ್ ಸೆಹ್ರಾವತ್‌ನನ್ನು 2.26 ಕೋಟಿ ರೂಪಾಯಿ ಕೊಟ್ಟು ಕೊಂಡಿತು. ಲೀಗಿನ ಇತಿಹಾಸದಲ್ಲೇ ಅಲ್ಲಿಯವರೆಗಿನ ದೊಡ್ಡ ಬೆಲೆ ಅದು. ಬೆಂಗಳೂರು ಬುಲ್ಸ್ ಪ್ರಶಸ್ತಿ ಗೆದ್ದ ಫೈನಲ್ಲಿನಲ್ಲಿ, 2019ರ ಜನವರಿಯಲ್ಲಿ, ತಂಡದ 38 ಪಾಯಿಂಟಿನಲ್ಲಿ 22 ಒಬ್ಬನೇ ತಂದವನು ಅವನು. ಬೆಲೆಗೆ ಕಾರಣ ಇತ್ತು. ತಲೈವಾಸ್ ಪರ ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟಾಗಿ ಇಡೀ ಸೀಸನ್ ಹೊರಗುಳಿದ. ಕತೆ ಮುಗಿಯಿತು ಅಂದರು ಎಲ್ಲರೂ. ನರೇಂದರ್ ಎಂಬ ಹೊಸ ಹುಡುಗ ರೈಡಿಂಗ್ ಹೊತ್ತುಕೊಂಡ, ಹಿಂದೆ ಡಿಫೆನ್ಸ್ ಗಟ್ಟಿಯಿತ್ತು, ಆ ತಂಡ ಮೊದಲ ಬಾರಿ ಸೆಮಿಫೈನಲ್ ಕಂಡಿತು. ಸೀಸನ್ನಿಗೆ ಮುಂಚೆ ಆ ಹುಡುಗನ ಹೆಸರು ಎಷ್ಟು ಮಂದಿಯ ಬಾಯಲ್ಲಿತ್ತು?

ಈಗ ಮೈದಾನಕ್ಕೆ ಬನ್ನಿ. ಕಾಲೇಜಿನ ದೈಹಿಕ ಶಿಕ್ಷಣದ ಪಿ.ಡಿ. ಸರ್ ಹುಡುಗರನ್ನು ಎರಡು ಟೀಮ್ ಮಾಡಿ ಪ್ರಾಕ್ಟೀಸ್ ಪಂದ್ಯ ಆಡಿಸುವ ದಿನ ಹೋಗಬೇಕು. ಬರೀ ಓಟ, ಬೈಠಕ್ ಇರುವ ದಿನ ಹೋದರೆ ಏನೂ ತಿಳಿಯುವುದಿಲ್ಲ. ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ ಎಳೆಯಿರಿ: ಎಷ್ಟು ರೈಡ್ ಹೋದ, ಎಷ್ಟು ಪಾಯಿಂಟ್ ತಂದ, ಎಷ್ಟು ಸಲ ಸಿಕ್ಕಿಬಿದ್ದ. ಉದಾಹರಣೆಗೆ ಮೊದಲನೆಯವನು 18 ರೈಡ್, 9 ಪಾಯಿಂಟ್, 4 ಔಟ್. ಎರಡನೆಯವನು 12 ರೈಡ್, 3 ಪಾಯಿಂಟ್, 3 ಔಟ್. ಮೂರನೆಯವನು 10 ರೈಡ್, 1 ಪಾಯಿಂಟ್, 1 ಔಟ್. ಒಟ್ಟು 40 ರೈಡಿಗೆ 13 ಪಾಯಿಂಟ್ ಬಂತು, 8 ಪಾಯಿಂಟ್ ಎದುರಿನವರಿಗೆ ಕೊಟ್ಟೆವು. ಕೈಯಲ್ಲಿ ಉಳಿದದ್ದು ಐದು. ಚಹಾ ಅಂಗಡಿ ಹೇಳುವುದು 9 ಅನ್ನು ಮಾತ್ರ.

ಈ ಪಟ್ಟಿಯಲ್ಲಿ ನನಗೆ ಆಸಕ್ತಿಯಿರುವುದು ಮೂರನೆಯವನ ಮೇಲೆ. ಹತ್ತು ರೈಡಿಗೆ ಒಂದು ಪಾಯಿಂಟ್ ಕೆಟ್ಟ ಲೆಕ್ಕದಂತೆ ಕಾಣುತ್ತದೆ. ಆದರೆ ಒಂದೇ ಸಲ ಸಿಕ್ಕಿಬಿದ್ದಿದ್ದಾನೆ. ಅವನ ಕಾಲು ನೋಡಿ. ನಡುಗೆರೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಲೈನ್ ಇದೆ. ರೈಡರ್ ಅದನ್ನು ಒಮ್ಮೆಯಾದರೂ ದಾಟದೆ ವಾಪಸಾದರೆ ತಾನೇ ಔಟ್. ಹೆದರುವ ಹುಡುಗ ಮುಂಗಾಲಿನ ತುದಿಯನ್ನು ಸುಣ್ಣದ ಗೆರೆಯಾಚೆ ಇಟ್ಟ ಹಾಗೆ ಮಾಡಿ ಎಳೆದುಕೊಳ್ಳುತ್ತಾನೆ, ಮೈಭಾರವೆಲ್ಲ ಹಿಂಗಾಲಿನ ಮೇಲೆ, ಕಣ್ಣು ಅಂಪೈರ್ ಕಡೆಗೆ. ಕಲಿತ ಹುಡುಗ ಗೆರೆ ದಾಟಿ ಎರಡು ಹೆಜ್ಜೆ ಅಡ್ಡಕ್ಕೆ ನಡೆಯುತ್ತಾನೆ, ಸೊಂಟ ತಗ್ಗಿರುತ್ತದೆ, ಕಾರ್ನರ್ ಹುಡುಗ ಒಂದು ಹೆಜ್ಜೆ ಮುಂದೆ ಬರುವವರೆಗೆ ಕಾಯುತ್ತಾನೆ. ಬಂದರೆ ಕೈ ಹಾಕುತ್ತಾನೆ, ಬರದಿದ್ದರೆ 25 ಸೆಕೆಂಡ್ ಕಳೆದು ನಗುತ್ತ ವಾಪಸ್. ಪಾಯಿಂಟ್ ಬರಲಿಲ್ಲ, ನಿಜ. ಹೀರೋಗೆ ಉಸಿರು ತಿರುಗಿಸಿಕೊಳ್ಳಲು ಒಂದು ನಿಮಿಷ ಸಿಕ್ಕಿತು. ಗೆಲ್ಲುತ್ತಿರುವ ಪಂದ್ಯದ ಕೊನೆಯ ಐದು ನಿಮಿಷದಲ್ಲಿ ಇಂಥವನ ಬೆಲೆ ಗೊತ್ತಾಗುತ್ತದೆ.

ಬೋನಸ್ ಬಗ್ಗೆ ಒಂದು ಎಚ್ಚರಿಕೆ. ಬಾಕ್ ಲೈನಿನಿಂದ ಒಂದು ಮೀಟರ್ ಆಚೆ ಬೋನಸ್ ಗೆರೆ. ಎದುರಿನ ಅಂಗಳದಲ್ಲಿ ಆರು ಅಥವಾ ಏಳು ಮಂದಿ ಇದ್ದಾಗ ಮಾತ್ರ, ಒಂದು ಕಾಲು ಗೆರೆಯಾಚೆ ಊರಿ ಹಿಂಗಾಲು ಗಾಳಿಯಲ್ಲಿದ್ದರೆ ಒಂದು ಪಾಯಿಂಟ್. ಬೋನಸ್ ತರುವ ಹುಡುಗನ ಲೆಕ್ಕ ನೋಟ್‌ಬುಕ್ಕಿನಲ್ಲಿ ಚೆಂದ ಕಾಣುತ್ತದೆ, ಆದರೆ ಬೋನಸ್ಸಿನಿಂದ ಹೊರಗೆ ಕೂತವರು ಯಾರೂ ಒಳಗೆ ಬರುವುದಿಲ್ಲ. ಹೀರೋ ಔಟಾದಾಗ ಬೇಕಾದದ್ದು ಟಚ್. ಹಾಗಾಗಿ ಎರಡನೆಯ ರೈಡರ್ ತಂದ ಪಾಯಿಂಟಿನಲ್ಲಿ ಟಚ್ ಎಷ್ಟು, ಬೋನಸ್ ಎಷ್ಟು ಎಂದು ಬೇರೆ ಬೇರೆ ಬರೆದುಕೊಳ್ಳಿ. ಇನ್ನು ಡು ಆರ್ ಡೈ ರೈಡ್. ಸತತ ಎರಡು ಖಾಲಿ ರೈಡ್ ಆದ ಮೇಲೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲದಿದ್ದರೆ ಔಟ್. ಟಿವಿ ನೋಡಿ ಎಲ್ಲರಿಗೂ ಗೊತ್ತಿರುವ ನಿಯಮ, ಆದರೂ ನಿಮ್ಮ ಪಂದ್ಯದಲ್ಲಿ ಅದು ಇದೆಯೋ ಇಲ್ಲವೋ ಎಂದು ಸಂಘಟಕರನ್ನು ಮೊದಲೇ ಕೇಳಿಕೊಳ್ಳಿ. ಇದ್ದರೆ, ಆ ಮೂರನೆಯ ರೈಡಿಗೆ ಪಿ.ಡಿ. ಸರ್ ಯಾರನ್ನು ಕಳಿಸುತ್ತಾರೆ ನೋಡಿ. ಪ್ರತಿಸಲ ಹೀರೋನನ್ನೇ ಕಳಿಸಿದರೆ ಆ ಟೀಮಿಗೆ ಎರಡನೆಯ ರೈಡರ್ ಇಲ್ಲ ಎಂದೇ ಅರ್ಥ.

ಹುಡುಗಿಯರ ಟೀಮಿನ ಅಂಗಳ 12 ಮೀಟರ್ ಉದ್ದ, 8 ಮೀಟರ್ ಅಗಲ. ಹುಡುಗರದು 13ಕ್ಕೆ 10. ಹುಡುಗಿಯರಿಗೆ ಬಾಕ್ ಲೈನ್ 3 ಮೀಟರಿಗೇ ಬರುತ್ತದೆ. ಜಾಗ ಚಿಕ್ಕದಾದಷ್ಟೂ ಹಿಡಿಯುವವರ ಕೈ ಹತ್ತಿರ. ನಾನು ಕಂಡ ಮಟ್ಟಿಗೆ ನಮ್ಮ ಕಡೆಯ ಹುಡುಗಿಯರ ಟೀಮುಗಳಲ್ಲಿ ರೈಡ್ ಮೂವರ ನಡುವೆ ಸಮನಾಗಿ ಹಂಚಿಕೆಯಾಗುತ್ತದೆ, ಬಹುಶಃ ಊರಿನವರು ಯಾರನ್ನೂ ಹೀರೋ ಮಾಡದ ಕಾರಣಕ್ಕೋ ಏನೋ. ಹಾಗಂತ ಅವರಿಗೆ ಮಾದರಿ ಇಲ್ಲವೆಂದಲ್ಲ. ಕಾರ್ಕಳ ಕಡೆಯ ಹಳ್ಳಿಯಿಂದ ಬಂದು ಭಾರತ ತಂಡದ ನಾಯಕಿಯಾದ, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮಮತಾ ಪೂಜಾರಿಯವರ ಹೆಸರು ಇಲ್ಲಿನ ಹುಡುಗಿಯರಿಗೂ ಗೊತ್ತು.

ಇನ್ನು ಹೊಸದಾಗಿ ಬಂದ ಹುಡುಗನ ವಿಚಾರ. ಪಿಯು ಕ್ರೀಡಾಕೂಟ ಬೇರೆ ಇಲಾಖೆಯದು, ಎದುರಾಳಿಗಳೆಲ್ಲ ಸಮವಯಸ್ಕರು. ಡಿಗ್ರಿಗೆ ಬಂದರೆ ಎದುರಿಗೆ 22 ವರ್ಷದ, ಹೊಲದಲ್ಲಿ ಮೂಟೆ ಹೊತ್ತ ಮೈಕಟ್ಟು. ಪಿಯುಸಿಯಲ್ಲಿ ತಂದ ಪಾಯಿಂಟನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕುವುದು ನನ್ನ ಪದ್ಧತಿ. ಹಾಗೆಯೇ ಡಿಗ್ರಿ ಮೂರು ವರ್ಷದ್ದಾದರೆ ಪ್ರತಿ ವರ್ಷ ಟೀಮಿನ ಒಂದು ಭಾಗ ಹೊರಟುಹೋಗುತ್ತದೆ. ಹೋದವರು ಯಾರು ಎಂದು ಕೇಳುವವರು ಕಡಿಮೆ. ಈ ರೋಗ ನಮ್ಮದೊಂದೇ ಅಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಸೀಸನ್ನಿಗೆ ಮುಂಚೆಯೇ ತಂಡಗಳಿಗೆ ರ‍್ಯಾಂಕ್ ಕೊಡುತ್ತಾರೆ, ಅಸೋಸಿಯೇಟೆಡ್ ಪ್ರೆಸ್ 1950ರಿಂದ ಈ ಪಟ್ಟಿ ಮಾಡುತ್ತಿದೆ. 2024ರಲ್ಲಿ ಅದು ಫ್ಲೋರಿಡಾ ಸ್ಟೇಟ್ ತಂಡಕ್ಕೆ 10ನೇ ಸ್ಥಾನ ಕೊಟ್ಟಿತು. ಹಿಂದಿನ ವರ್ಷ ಮೆರೆದ ಅನುಭವಿಗಳಲ್ಲಿ ಬಹಳ ಮಂದಿ ಆಗಲೇ ಹೊರಟುಹೋಗಿದ್ದರು. ಆ ತಂಡ ಆಡಿದ್ದು 12 ಪಂದ್ಯ, ಗೆದ್ದದ್ದು 2.

ನಮ್ಮಲ್ಲಿ ಈಚೆಗೆ ಇನ್ನೊಂದು ಬದಲಾವಣೆಯೂ ಆಗಿದೆ. ಮುಂಚೆ ಈ ಎರಡೂ ಊರಿನ ಕಾಲೇಜುಗಳು ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗಿದ್ದವು, ಕಲಬುರಗಿ, ಯಾದಗಿರಿ ಹುಡುಗರ ಜೊತೆ ಸೆಣಸಬೇಕಿತ್ತು. 2023ರಲ್ಲಿ ಬೀದರ್ ವಿಶ್ವವಿದ್ಯಾಲಯ ಶುರುವಾಯಿತು. ಪೈಪೋಟಿ ಒಂದು ಜಿಲ್ಲೆಗೆ ಇಳಿದ ಮೇಲೆ ವಿ.ವಿ. ತಂಡಕ್ಕೆ ಆಯ್ಕೆಯಾಗುವ ದಾರಿ ಹತ್ತಿರವಾಯಿತು, ಸಂತೋಷ. ಆದರೆ ಅಂತರಕಾಲೇಜಿನಲ್ಲಿ 15 ಪಾಯಿಂಟ್ ತಂದ ಅಂದರೆ ಹಿಂದಿನ 15 ಅಲ್ಲ. ದಕ್ಷಿಣ ವಲಯದ ಪಂದ್ಯಕ್ಕೆ ಹೋದಾಗ ಎದುರಿಗೆ ನಿಲ್ಲುವವರು ವರ್ಷವಿಡೀ ಹಾಸ್ಟೆಲ್ಲಿನಲ್ಲಿದ್ದು ಮ್ಯಾಟ್ ಮೇಲೆ ಆಡಿದವರು. ನಮ್ಮ ಹುಡುಗರು ಮಣ್ಣಿನವರು. ಮಣ್ಣಿನಲ್ಲಿ ಬರಿಗಾಲು ಜಾರಿಸಿ ಟೋ ಟಚ್ ಮಾಡುವ ಚಾಳಿ ಬಿದ್ದವನಿಗೆ ಮ್ಯಾಟ್ ಮೇಲೆ ಶೂ ಹಾಕಿದರೆ ಕಾಲು ಹಿಡಿದುಕೊಂಡಂತಾಗುತ್ತದೆ. ಅದೇ ಶೂ ಹಾಕಿ ಹಿಂದಕ್ಕೆ ತಿರುಗುವ ವೇಗ ಮಾತ್ರ ಹೆಚ್ಚುತ್ತದೆ. ಆಯ್ಕೆಗೆ ಎರಡು ವಾರ ಮುಂಚೆಯಾದರೂ ಮ್ಯಾಟ್ ಕಂಡ ಹುಡುಗನ ಲೆಕ್ಕವೇ ಬೇರೆ, ಕಾಣದವನದೇ ಬೇರೆ.

ಸೀಸನ್ನಿಗೆ ಮುಂಚೆ ಒಂದು ಒಳ್ಳೆಯ ಪರೀಕ್ಷೆ ಇದ್ದೇ ಇದೆ: ತಾಲೂಕು ಮಟ್ಟದ ದಸರಾ ಕ್ರೀಡಾಕೂಟ. ಅಲ್ಲಿ ಕಾಲೇಜಿನ ಹುಡುಗರು ಊರಿನ ಟೀಮುಗಳಲ್ಲಿ ಹಂಚಿಹೋಗಿರುತ್ತಾರೆ. ರಾಜೇಶ್ವರದ ಟೀಮಿನಲ್ಲೊಬ್ಬ, ಮುಡಬಿಯದರಲ್ಲೊಬ್ಬ, ಹುಡಗಿಯದರಲ್ಲೊಬ್ಬ. ಕಾಲೇಜು ಟೀಮಿನಲ್ಲಿ ಮೂರನೆಯವನಾಗಿರುವ ಹುಡುಗ ತನ್ನ ಊರಿನ ಟೀಮಿಗೆ ಮೊದಲನೆಯ ರೈಡರ್. ಹತ್ತಲ್ಲ, ಇಪ್ಪತ್ತು ರೈಡ್ ಹೋಗಬೇಕಾಗುತ್ತದೆ. ಅವನೊಳಗೆ ಏನಿದೆ ಎಂದು ಅಲ್ಲಿ ಕಾಣುತ್ತದೆ. ನೋಟ್‌ಬುಕ್ ಅಲ್ಲಿಗೂ ಒಯ್ಯಿರಿ.

ಹೋದ ವರ್ಷ ಹೀಗೆಯೇ ಒಬ್ಬನನ್ನು ಗುರುತು ಹಾಕಿದ್ದೆ. ಸಣಕಲು ಹುಡುಗ, ಬಲಗಡೆಯಿಂದ ಒಳಗೆ ಹೋಗಿ ಎಡಗೈಯಲ್ಲಿ ಕವರ್ ಹುಡುಗನ ಭುಜ ಸವರಿ ಬರುತ್ತಿದ್ದ. ಊರಿನ ಟೀಮಿಗೆ ಎರಡು ಪಂದ್ಯದಲ್ಲಿ ಹನ್ನೊಂದು ಟಚ್. ಮುಂದಿನ ವಾರ ಕಾಲೇಜು ಮೈದಾನಕ್ಕೆ ಹೋದರೆ ಅವನು ಕಾಣಲಿಲ್ಲ.

“ಎಲ್ಲಿ ಹೋದ್ರಿ ಸರ್ ಆ ಹುಡುಗ?”

ಪಿ.ಡಿ. ಸರ್ ಸೀಟಿ ಬಾಯಿಂದ ತೆಗೆದು ಆಕಾಶ ನೋಡಿದರು. ನಾಲ್ಕು ದಿನದಿಂದ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು.

“ಸೋಯಾ ರಾಶಿ ನಡದದ್ರಿ ಅವರ ಹೊಲದಾಗ. ಮುಗಿದ ಮ್ಯಾಲ ಬರ್ತೀನಿ ಅಂದಾನ. ಅವರಪ್ಪಗ ಫೋನ್ ಹಚ್ಚಿದ್ದೆ, ‘ಇನ್ನ ಹತ್ತು ದಿನ ಬಿಡ್ರಿ ಸರ್’ ಅಂದ್ರು.”

ಅಂತರಕಾಲೇಜು ಪಂದ್ಯಕ್ಕೆ ಉಳಿದಿದ್ದದ್ದು ಹನ್ನೆರಡು ದಿನ.