ಗೋಡೆಯ ಮೇಲಿನ ಗೆರೆ

ಸೂರತ್ತಿನ ಉಧ್ನಾದ ಪವರ್‌ಲೂಮ್ ಗಲ್ಲಿಯಲ್ಲಿ ನನ್ನ ಬಾಡಿಗೆ ಮನೆ. ಇಲ್ಲಿನವರು ನೆರೆಗೆ ‘ರೇಲ್’ ಅನ್ನುತ್ತಾರೆ. ಮೊದಮೊದಲು ರೈಲೆಂದೇ ತಿಳಿದಿದ್ದೆ!

2006ರ ಆಗಸ್ಟಿನ ರೇಲ್ ಬಗ್ಗೆ ಕೇಳಿದರೆ ಅಡಾಜಣದ ಗೆಳೆಯ ಗೋಡೆಗೆ ಅಂಗೈ ಒತ್ತಿ ‘ಇಲ್ಲೀತನಕ’ ಎನ್ನುತ್ತಾನೆ. ಕುತ್ತಿಗೆ ಮಟ್ಟ. ಸುಣ್ಣ ಬಳಿಸಿದಾಗಲೂ ಆ ಕೆಸರುಗೆರೆಯನ್ನು ಹಾಗೇ ಉಳಿಸಿದ್ದಾನೆ. ತಾರಸಿಯಲ್ಲಿ ಖಿಚಡಿ ಬೇಯಿಸಿದ್ದನ್ನು ನಗುತ್ತಲೇ ಹೇಳುತ್ತಾನೆ.

ಆದರೆ ಇದೇ ಊರಿನ ತಕ್ಷಶಿಲಾ ಕಟ್ಟಡದಲ್ಲಿ 2019ರ ಮೇ 24ರಂದು ಹೊತ್ತಿದ ಬೆಂಕಿಯ ಮಾತಿಗೆ ಆ ನಗುವಿಲ್ಲ. ಸತ್ತವರು 22 ಮಂದಿ, ಹೆಚ್ಚಿನವರು ಕೋಚಿಂಗಿಗೆ ಬಂದಿದ್ದ ಮಕ್ಕಳು. ಅಲ್ಲಿ ಬರುವುದು ‘ಹೀಗಾಗಲು ಯಾರು ಬಿಟ್ಟರು?’ ಎಂಬ ಸಿಟ್ಟು.

ಹಾಗೆ ನೋಡಿದರೆ ರೇಲ್ ಕೂಡ ಬರೀ ಮಳೆಯದ್ದಲ್ಲ. ಉಕಾಯಿ ಅಣೆಕಟ್ಟೆ ತುಂಬಿದ ಮೇಲೆ ತಾಪಿ ನದಿಗೆ ಸುಮಾರು 9 ಲಕ್ಷ ಕ್ಯೂಸೆಕ್ ನೀರು ಬಿಟ್ಟಿದ್ದರು. ಅದನ್ನೇ ಹೇಳಿದೆ. ಗೆಳೆಯ ಗೆರೆ ಸವರುತ್ತಾ, ‘ತಾಪಿ ಮಾತೆ ಮನೆಗೆ ಬಂದಿದ್ದಳು’ ಎಂದ.